ಸಜ್ಜನರಾವ್ ಸರ್ಕಲ್‌ನಲ್ಲಿ ಒಂದು ಸಂಜೆ

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಂಗಳೂರಿನ ನ್ಯಾಷನಲ್ ಕಾಲೇಜು ಮೆಟ್ರೊ ನಿಲ್ದಾಣದಲ್ಲಿ ಇಳಿದು, ಯಾರನ್ನಾದರೂ ಸಜ್ಜನರಾವ್ ಸರ್ಕಲ್ ಎಲ್ಲಿ ಅಂತ ಕೇಳಿ. ದಾರಿ ತೋರಿಸಿ, ಹಿಂದೆಯೇ ಒಂದು ಮಾತು ಸೇರಿಸುತ್ತಾರೆ. "ತಿಂಡಿ ಬೀದಿಗಾ?" ಹೌದು ಅನ್ನಿ. ನಡೆದೇ ಹೋಗಬಹುದು. ಸರ್ಕಲ್ ಹತ್ತಿರ ಬಂದ ಹಾಗೆ ದಾರಿ ಕೇಳುವ ಕೆಲಸ ಇರುವುದಿಲ್ಲ. ಕಾದ ಎಣ್ಣೆ, ತುಪ್ಪ, ಇಂಗಿನ ಒಗ್ಗರಣೆ, ಇವುಗಳ ವಾಸನೆಯೇ ಕೈಹಿಡಿದು ಕರೆದುಕೊಂಡು ಹೋಗುತ್ತದೆ. ಈಗ ಚಳಿಗಾಲ. ಹಾಗಾಗಿ ಇನ್ನೊಂದು ವಾಸನೆಯೂ ಸೇರಿರುತ್ತದೆ. ಅದರ ಮಾತು ಆಮೇಲೆ ಆಡುತ್ತೇನೆ. ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಮುಖ್ಯವಾಗಿ ಅದನ್ನೇ.

ವಿ.ವಿ. ಪುರಂ ಅಂತ ನಾವು ಚುಟುಕಾಗಿ ಕರೆಯುವ ವಿಶ್ವೇಶ್ವರಪುರಂನ ಈ ಬೀದಿಯನ್ನು ಬೆಳಗ್ಗೆ ನೋಡಿದವರು ಇದೇನಾ ಅಂತ ಅನುಮಾನ ಪಡುತ್ತಾರೆ. ಅಷ್ಟು ಚಿಕ್ಕದು, ಅಷ್ಟು ಸುಮ್ಮನಿರುತ್ತದೆ. ಮನೆಗಳು, ಅಂಗಡಿಗಳು, ಬಾಗಿಲು ಮುಂದೆ ರಂಗೋಲಿ. ಸಂಜೆ ಐದೂವರೆ ಆಗುತ್ತಿದ್ದಂತೆ ಒಂದೊಂದೇ ಒಲೆ ಹೊತ್ತಿಕೊಳ್ಳುತ್ತದೆ. ಏಳಕ್ಕೆಲ್ಲ ಕಾಲಿಡಲು ಜಾಗ ಇರುವುದಿಲ್ಲ.

ನನಗೆ ಈ ಬೀದಿ ಪರಿಚಯವಾದದ್ದು ಅಪ್ಪನ ಸ್ಕೂಟರಿನ ಮುಂದೆ ನಿಂತುಕೊಂಡು ಹೋಗುತ್ತಿದ್ದ ವಯಸ್ಸಿನಲ್ಲಿ. ಆಗ ನಮಗೆ ಬೀದಿ ಅಂದರೆ ಅದರ ಮೂಲೆಯ ವಿ.ಬಿ. ಬೇಕರಿ. 1953ರಿಂದ ಇರುವ ಅಂಗಡಿ ಅದು. ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳ ಕಥೆ ಅದಕ್ಕಿಂತ ಹಳೆಯದು. 1898ರಲ್ಲಿ ಹಾಸನದ ಕಡೆಯಿಂದ ಬಂದ ತಿರುಮಲಾಚಾರ್ ಚಿಕ್ಕಪೇಟೆಯಲ್ಲಿ ಶುರು ಮಾಡಿದರು. ಆಮೇಲೆ ಹಾಸನದ ಕಡೆಯವರು ಒಬ್ಬರ ಹಿಂದೆ ಒಬ್ಬರು ಬಂದು ಊರೆಲ್ಲ ಬೇಕರಿ ಹಾಕಿದರು. ಮೊಟ್ಟೆ ಮುಟ್ಟದವರ ಮನೆಗೂ ಬ್ರೆಡ್ಡು, ಬನ್ನು ಹೋದದ್ದು ಇವರಿಂದ.

ಇಲ್ಲಿ ಬೆಣ್ಣೆ ಬನ್ನಿಗೆ ಕಾಂಗ್ರೆಸ್ ಹಾಕಿ ಕೊಡುತ್ತಾರೆ. ಬೇರೆ ಊರಿನವರು ಗಾಬರಿಯಾಗಬೇಡಿ. ಸಿಪ್ಪೆ ತೆಗೆದು ಹೋಳು ಮಾಡಿ ಹುರಿದು, ಖಾರ, ಇಂಗು, ಕರಿಬೇವು ಬೆರೆಸಿದ ಕಡಲೆಕಾಯಿ ಬೀಜಕ್ಕೆ ನಮ್ಮಲ್ಲಿ ಕಾಂಗ್ರೆಸ್ ಅಂತಲೇ ಹೆಸರು. ಬನ್ನನ್ನು ಅಡ್ಡಕ್ಕೆ ಸೀಳಿ, ಎರಡೂ ಕಡೆ ಬೆಣ್ಣೆ ಬಳಿದು, ಒಂದು ಹಿಡಿ ಬೀಜ ಉದುರಿಸಿ, ಮುಚ್ಚಿ, ಒತ್ತಿ ಕೊಡುತ್ತಾರೆ. ಮೊದಲು ಬನ್ನಿನ ಸಿಹಿ, ಆಮೇಲೆ ಬೆಣ್ಣೆ, ಕೊನೆಗೆ ಖಾರ. ನಾನು ಈಗಲೂ ಇದನ್ನು ತಿಂದೇ ಬೀದಿಯೊಳಕ್ಕೆ ಹೋಗುವುದು. ಹೊಟ್ಟೆ ತುಂಬುತ್ತದೆ, ಬೇಡ ಅಂತ ಮನೆಯವರು ಹೇಳುತ್ತಾರೆ. ಕೇಳುವುದಿಲ್ಲ.

ಒಳಗೆ ಹೋದ ಮೇಲೆ ನನ್ನದೊಂದು ಮಾತು ಕೇಳಿ. ಬೋರ್ಡು ನೋಡಬೇಡಿ, ಕೈ ನೋಡಿ. ಯಾರ ಕೈ ಹೇಗೆ ಕೆಲಸ ಮಾಡುತ್ತಿದೆ ಅಂತ ನೋಡಿ, ಆಮೇಲೆ ಎಲ್ಲಿ ತಿನ್ನಬೇಕು ಅಂತ ತೀರ್ಮಾನ ಮಾಡಿ.

ಹೋಳಿಗೆ ಮಾಡುವವರನ್ನೇ ತಗೊಳ್ಳಿ. ಕಣಕ ಎಣ್ಣೆಯಲ್ಲಿ ಮುಳುಗಿ ಗಂಟೆಗಟ್ಟಲೆ ನೆನೆದಿರುತ್ತದೆ. ಎಳೆದರೆ ರಬ್ಬರಿನ ಹಾಗೆ ಬರುತ್ತದೆ. ನಿಂಬೆಹಣ್ಣಿನಷ್ಟು ಕಣಕವನ್ನು ಅಂಗೈ ಮೇಲೆ ಹರವಿ, ಅದಕ್ಕಿಂತ ದೊಡ್ಡ ಹೂರಣದ ಉಂಡೆ ಇಟ್ಟು, ಬೆರಳ ತುದಿಯಲ್ಲಿ ಸುತ್ತ ಎಳೆದು ಬಾಯಿ ಮುಚ್ಚುತ್ತಾರೆ. ಹೂರಣ ಜಾಸ್ತಿ, ಕಣಕ ಕಡಿಮೆ. ಆದರೂ ತಟ್ಟುವಾಗ ಒಂದು ಕಡೆಯೂ ಹರಿಯುವುದಿಲ್ಲ. ಕಾವಲಿ ಮೇಲೆ ಹಾಕಿದಾಗ ಒಳಗಿನ ಬೇಳೆಬೆಲ್ಲದ ಬಣ್ಣ ಮೇಲಿನ ಪದರದಿಂದ ಕಾಣಬೇಕು. ಹಾಗೆ ಕಂಡರೆ ಅಲ್ಲಿ ನಿಲ್ಲಿ. ಕಾಯಿ ಹೋಳಿಗೆಯೂ ಇರುತ್ತದೆ. ನನ್ನ ಓಟು ಬೇಳೆ ಹೋಳಿಗೆಗೆ, ಮೇಲೆ ಒಂದು ಚಮಚ ತುಪ್ಪ ಬಿದ್ದಿರಬೇಕು.

ಪಡ್ಡು, ದೋಸೆ, ಬಜ್ಜಿ, ಮಸಾಲೆ ಪುರಿ, ಗುಲ್ಕನ್ ಹಾಕಿದ ಐಸ್‌ಕ್ರೀಮು, ಇವೆಲ್ಲ ಸಾಲಾಗಿ ಇವೆ. ಕಡ್ಡಿಗೆ ಸುರುಳಿ ಸುತ್ತಿದ ಆಲೂಗಡ್ಡೆ, ಚೀಸು ಸುರಿದ ಎಂಥದೋ ತಿಂಡಿಗಳೂ ಈಚೆಗೆ ಬಂದಿವೆ. ಹುಡುಗರು ಖುಷಿಯಾಗಿ ತಿನ್ನುತ್ತಾರೆ, ತಿನ್ನಲಿ. ಈ ಬೀದಿಗೇ ಬರಬೇಕಾದದ್ದು ಅದಕ್ಕಲ್ಲ ಅಂತ ಮಾತ್ರ ನಾನು ಹೇಳುತ್ತೇನೆ.

ಬರಬೇಕಾದದ್ದು ಅವರೆಕಾಯಿಗೆ.

ಬೀದಿಯ ಕಡೆಯಲ್ಲಿ, ಗೋಣಿಚೀಲ ಹಾಸಿಕೊಂಡು ಒಬ್ಬ ಹೆಂಗಸು ಕೂತಿದ್ದರು. ಎದುರಿಗೆ ಒಂದು ಬಕೆಟ್ಟು, ಒಂದು ಸ್ಟೀಲ್ ಪಾತ್ರೆ, ಒಂದು ಪ್ಲಾಸ್ಟಿಕ್ ಬುಟ್ಟಿ. ಬಕೆಟ್ಟಿನಲ್ಲಿ ನೆನೆದ ಅವರೆಕಾಳು. ಹೆಬ್ಬೆರಳು, ತೋರುಬೆರಳ ನಡುವೆ ಒಂದು ಕಾಳು ಹಿಡಿದು ಹಿತುಕುತ್ತಾರೆ. ಬೇಳೆ ಟಪ್ ಅಂತ ಹಾರಿ ಪಾತ್ರೆಗೆ ಬೀಳುತ್ತದೆ. ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ, ಬುಟ್ಟಿಗೆ ಹೋಗುತ್ತದೆ. ಎರಡು ಕೈಯಲ್ಲೂ ಒಂದೇ ಸಲ ಮಾಡುತ್ತಿದ್ದರು. ಕಣ್ಣು ಕಾಳಿನ ಮೇಲೆ ಇರಲೇ ಇಲ್ಲ. ಗಿರಾಕಿಯ ಜೊತೆ ಮಾತಾಡುತ್ತಾ, ಚಿಲ್ಲರೆ ಎಣಿಸುತ್ತಿದ್ದ ಮಗನ ಕಡೆ ನೋಡುತ್ತಾ ಇದ್ದರು. ಟಪ್, ಟಪ್, ಟಪ್. ಬೆರಳ ತುದಿಯೆಲ್ಲ ಕಪ್ಪಾಗಿ ಸುಕ್ಕುಗಟ್ಟಿತ್ತು.

"ಎಷ್ಟೊತ್ತಿಂದ ಕೂತಿದ್ದೀರಮ್ಮಾ?" ಅಂದೆ.

"ಮಧ್ಯಾಹ್ನ ಊಟ ಆದ್ಮೇಲಿಂದ. ಕಾಳು ರಾತ್ರಿನೇ ನೆನೆಹಾಕಿದ್ದು ಕಣಕ್ಕ."

"ಕೈ ನೋಯೋದಿಲ್ವಾ?"

"ಮೊದಲ್ನೇ ವಾರ ನೋಯುತ್ತೆ. ಆಮೇಲೆ ಕೈಗೆ ಗೊತ್ತಾಗೋದಿಲ್ಲ. ಸಂಕ್ರಾಂತಿ ತಂಕ ತಾನೇ, ಆಮೇಲೆ ಬಾ ಅಂದ್ರೂ ಕಾಳು ಬರೋದಿಲ್ಲ."

ಒಂದು ಪಾವು ಹಿತಕಿದ ಬೇಳೆ ಕೊಂಡೆ. ನಮ್ಮ ಅಜ್ಜಿ ಮನೆಯಲ್ಲಿ ಇದೇ ಕೆಲಸಕ್ಕೆ ಮನೆಮಂದಿಯೆಲ್ಲ ಕೂರುತ್ತಿದ್ದೆವು. ಐದು ಜನ ಒಂದು ಗಂಟೆ ಹಿತುಕಿದರೆ ಒಂದು ಹೊತ್ತಿನ ಸಾರಿಗೆ ಆಗುತ್ತಿತ್ತು. ಈಗ ಮನೆಗಳಲ್ಲಿ ಐದು ಜನ ಇಲ್ಲ, ಇದ್ದರೂ ಬಿಡುವಿಲ್ಲ. ಆ ಕೆಲಸವನ್ನು ಈ ಬೀದಿಯ ಹೆಂಗಸರು ನಮ್ಮ ಪರವಾಗಿ ಮಾಡುತ್ತಿದ್ದಾರೆ. ಹಿತಕಿದ ಬೇಳೆಗೆ ಹೇಳಿದ ಬೆಲೆಯಲ್ಲಿ ಚೌಕಾಸಿ ಮಾಡಲು ನನಗೆ ಬಾಯಿ ಬರುವುದಿಲ್ಲ.

ಅವರೆಕಾಯಿಯನ್ನು ತೆಗೆದುಕೊಳ್ಳುವಾಗಲೂ ಒಂದು ಕಲೆ ಇದೆ. ಹಳಬರು ಕಾಯಿ ಹಿಡಿದು ಬೆರಳಿಂದ ಉಜ್ಜಿ ಮೂಸುತ್ತಾರೆ. ಒಳ್ಳೆ ಕಾಯಿಯ ಸಿಪ್ಪೆ ಜಿಡ್ಡು ಜಿಡ್ಡಾಗಿರುತ್ತದೆ, ಕೈಗೆ ಅಂಟುತ್ತದೆ. ಆ ಜಿಡ್ಡಿನ ವಾಸನೆಗೇ ಸೊಗಡು ಅನ್ನುವುದು. ಇಬ್ಬನಿ ಚೆನ್ನಾಗಿ ಬಿದ್ದ ವರ್ಷ ಸೊಗಡು ಜಾಸ್ತಿ ಅಂತ ರೈತರು ಹೇಳುತ್ತಾರೆ. ಬಿಡಿಸುವಾಗ ಒಳಗೆ ಹಸಿರು ಹುಳ ಕಂಡರೆ ನಮ್ಮ ಅಜ್ಜಿಗೆ ಸಮಾಧಾನ. ಔಷಧಿ ಹೊಡೆದಿಲ್ಲ ಅಂತ.

ಇದಕ್ಕೆ ಚಳಿಗಾಲವೇ ಯಾಕೆ ಬೇಕು? ಹಳೇ ತಳಿಯ ಅವರೆ ಹಗಲು ಚಿಕ್ಕದಾಗಿ ರಾತ್ರಿ ಉದ್ದವಾದ ಮೇಲೇ ಹೂ ಬಿಡುವುದು. ಮಳೆಗಾಲದಲ್ಲಿ ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ, ಅಂದರೆ ರಾಗಿಯ ನಡುವೆ ಬೇರೆ ಬೆಳೆಗೆ ಬಿಡುವ ಸಾಲಿನಲ್ಲಿ, ಬಿತ್ತಿರುತ್ತಾರೆ. ರಾಗಿ ಕೊಯ್ದ ಮೇಲೆ ಹೊಲದಲ್ಲಿ ಅವರೆ ಮಾತ್ರ ಉಳಿದು, ಇಬ್ಬನಿ ಕುಡಿದು, ಕಾಯಿ ಕಟ್ಟುತ್ತದೆ. ಮಾಗಡಿ, ಕನಕಪುರ, ಹೊಸಕೋಟೆ, ಕೋಲಾರದ ಕಡೆಯಿಂದ ಮೂಟೆ ಮೂಟೆ ಬೆಂಗಳೂರಿಗೆ ಬರುವುದು ಆಗಲೇ. ಆದರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಹಗಲಿನ ಉದ್ದ ಎಷ್ಟೇ ಇರಲಿ ಹೂ ಬಿಡುವ ತಳಿಗಳನ್ನು ಕೊಟ್ಟಿದ್ದಾರೆ. ಹೆಬ್ಬಾಳ ಅವರೆ ಅಂತ ಹೆಸರು. ಎಚ್‌ಎ 3, ಎಚ್‌ಎ 4 ಅಂತ ಬರುತ್ತವೆ. ವರ್ಷದಲ್ಲಿ ಯಾವಾಗ ಬೇಕಾದರೂ ಬೆಳೆಯಬಹುದು. ರೈತರಿಗೆ ಅದರಿಂದ ಅನುಕೂಲವಾಗಿದೆ, ಅದನ್ನು ನಾನು ತೆಗೆದುಹಾಕುವುದಿಲ್ಲ. ಒಂದು ಸಲ ಜೂನ್ ತಿಂಗಳಲ್ಲಿ ಅವರೆಕಾಯಿ ಕಂಡು ಆಸೆಯಿಂದ ಎರಡು ಕೆಜಿ ತಂದೆ. ಬಿಡಿಸಿದೆ, ಸಾರು ಮಾಡಿದೆ. ಕಾಳು ಚೆನ್ನಾಗಿತ್ತು, ಬೆಂದಿತು. ಆದರೆ ಮನೆಯಲ್ಲಿ ಯಾರೂ ಅಡುಗೆಮನೆಗೆ ಬಂದು "ಅವರೆಕಾಯಾ?" ಅಂತ ಕೇಳಲಿಲ್ಲ. ಜನವರಿಯಲ್ಲಾದರೆ ಮೆಟ್ಟಿಲು ಹತ್ತುವಾಗಲೇ ಕೇಳುತ್ತಾರೆ.

ಸಜ್ಜನರಾವ್ ಸರ್ಕಲ್‌ನಲ್ಲಿ ಅವರೆಬೇಳೆ ಮೇಳ ಶುರುವಾಗಿ ಎರಡು ದಶಕ ದಾಟಿದೆ. ಜನ ಹಿಡಿಸದೆ ಈಚೆಗೆ ನ್ಯಾಷನಲ್ ಕಾಲೇಜು ಮೈದಾನಕ್ಕೂ ಹೋಗಿದೆ. ಅಲ್ಲಿ ಅವರೆಬೇಳೆ ದೋಸೆ, ಅವರೆಬೇಳೆ ಜಾಮೂನು, ಅವರೆಬೇಳೆ ಜಿಲೇಬಿ ಎಲ್ಲ ಸಿಗುತ್ತದೆ. ಜಿಲೇಬಿ ತಿಂದು ನೋಡಿದ್ದೇನೆ. ಸಕ್ಕರೆ ಪಾಕದ ಕೆಳಗೆ ಅವರೆ ಎಲ್ಲಿದೆ ಅಂತ ಹುಡುಕಬೇಕು. ನನ್ನ ಪ್ರಕಾರ ಅವರೆಗೆ ಒಪ್ಪುವುದು ಮೂರೇ. ಹಿತಕಿದ ಬೇಳೆ ಸಾರು, ಕಾಳು ಹಾಕಿದ ಉಪ್ಪಿಟ್ಟು, ಅಕ್ಕಿ ರೊಟ್ಟಿ.

ಆ ರೊಟ್ಟಿಯನ್ನು ಬೀದಿಯಲ್ಲಿ ನಿಂತು ನೋಡಿ. ಅಕ್ಕಿಹಿಟ್ಟಿಗೆ ಬೆಂದ ಅವರೆಕಾಳು, ಸಬ್ಬಸಿಗೆ ಸೊಪ್ಪು, ಈರುಳ್ಳಿ, ಹಸಿಮೆಣಸಿನಕಾಯಿ ಕಲಸಿರುತ್ತಾರೆ. ಎಣ್ಣೆ ಸವರಿದ ಹಾಳೆ ಮೇಲೆ ಉಂಡೆ ಇಟ್ಟು, ನಾಲ್ಕು ಬೆರಳಿಂದ ತಟ್ಟುತ್ತಾ ಹಾಳೆಯನ್ನು ತಿರುಗಿಸುತ್ತಾರೆ. ಕಾಳು ಇರುವ ಕಡೆ ಬೆರಳು ಮೆತ್ತಗಾಗುತ್ತದೆ. ಇಲ್ಲದಿದ್ದರೆ ಕಾಳು ಜಜ್ಜಿಹೋಗುತ್ತದೆ. ಮಧ್ಯೆ ಮೂರು ತೂತು ಮಾಡಿ, ಕಾವಲಿಗೆ ಮಗುಚಿ, ಹಾಳೆ ಎತ್ತಿ, ತೂತಿಗೆ ಎಣ್ಣೆ ಬಿಡುತ್ತಾರೆ. ಅಂಚು ಕೆಂಪಗೆ ಗರಿಗರಿ, ನಡುವೆ ಮೆತ್ತಗೆ. ಕಾಯಿಚಟ್ನಿ ಜೊತೆ ಬಿಸಿ ಇರುವಾಗಲೇ ತಿನ್ನಬೇಕು. ಕಟ್ಟಿಸಿಕೊಂಡು ಹೋದರೆ ಅದು ಬೇರೆಯೇ ತಿಂಡಿ.

ಇನ್ನೊಂದು ಮಾತು ಹೇಳಲೇಬೇಕು. ಈ ಬೀದಿಯಲ್ಲಿ ಮನೆಗಳಿವೆ. ಅಲ್ಲಿ ಪರೀಕ್ಷೆಗೆ ಓದುವ ಮಕ್ಕಳಿರುತ್ತಾರೆ, ಬೇಗ ಮಲಗುವ ವಯಸ್ಸಾದವರಿರುತ್ತಾರೆ. ಗೇಟಿನ ಮುಂದೆ ಗಾಡಿ ನಿಲ್ಲಿಸಿ, ಕಾಂಪೌಂಡಿನ ಮೇಲೆ ತಟ್ಟೆ ಇಟ್ಟು ಹೋಗುವವರನ್ನು ಕಂಡರೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಗಾಡಿ ಮನೆಯಲ್ಲೇ ಬಿಟ್ಟು ಬಸ್ಸಲ್ಲೋ ಮೆಟ್ರೊದಲ್ಲೋ ಬನ್ನಿ. ತಟ್ಟೆಯನ್ನು ಬುಟ್ಟಿಗೆ ಹಾಕಿ. ವಾರದ ನಡುವೆ, ಆರು ಗಂಟೆಗೇ ಬಂದರೆ ಎಲ್ಲರಿಗೂ ಒಳ್ಳೆಯದು. ಆಗ ಮಾಡುವವರಿಗೂ ನಿಮ್ಮ ಜೊತೆ ಎರಡು ಮಾತಾಡಲು ಪುರಸೊತ್ತಿರುತ್ತದೆ.

ಆವತ್ತು ಹಿತಕಿದ ಬೇಳೆಯ ಜೊತೆ ಎರಡು ಕೆಜಿ ಕಾಯಿಯನ್ನೂ ಕೊಂಡುಕೊಂಡು ಬಸ್ಸು ಹತ್ತಿದೆ. ಕಿಟಕಿ ಪಕ್ಕದಲ್ಲಿ ವಯಸ್ಸಾದವರೊಬ್ಬರು ತೂಕಡಿಸುತ್ತಿದ್ದರು. ನಾನು ಕೂತು ಚೀಲ ಕಾಲ ಹತ್ತಿರ ಇಟ್ಟುಕೊಂಡೆ. ಎರಡು ಸ್ಟಾಪು ದಾಟಿರಬೇಕು. ಅವರು ಕಣ್ಣು ಬಿಡದೆಯೇ ಕೇಳಿದರು.

"ಮಾಗಡಿದಾ, ಕೋಲಾರದ್ದಾ?"

"ಮಾಗಡಿದು ಅಂತ ಹೇಳಿದ್ರು," ಅಂದೆ.

ಅವರು ಕೈ ಚಾಚಿದರು. ಚೀಲದಿಂದ ಒಂದು ಕಾಯಿ ತೆಗೆದು ಕೊಟ್ಟೆ. ಹೆಬ್ಬೆರಳಿಂದ ಉಜ್ಜಿದರು, ಮೂಗಿನ ಹತ್ತಿರ ಹಿಡಿದರು. ಅದನ್ನು ವಾಪಸ್ ಕೊಡಲಿಲ್ಲ. ತಮ್ಮ ಸ್ಟಾಪು ಬರುವವರೆಗೂ ಕೈಯಲ್ಲೇ ಇಟ್ಟುಕೊಂಡಿದ್ದು, ಜೇಬಿಗೆ ಹಾಕಿಕೊಂಡು ಇಳಿದು ಹೋದರು.

ನಮಸ್ಕಾರ.