ಹೊತ್ತುಗೊತ್ತು

ಕೇಳುಗರೆಲ್ಲರಿಗೂ ನಮಸ್ಕಾರ.

ಹಂಪಿಯಲ್ಲಿ ನಾನು 11 ವರ್ಷ ಗೈಡ್ ಆಗಿದ್ದೆ. ಈಗ ಬಿಸಿಲಿಗೆ ಹೋಗುವುದು ಕಡಿಮೆ. ಪ್ರವಾಸ ಹೊರಡುವವರಿಗೆ ಯಾವ ಊರು, ಯಾವ ದಾರಿ, ಎಲ್ಲಿ ಉಳಿಯಬೇಕು, ಎಲ್ಲಿ ಉಣ್ಣಬೇಕು ಅಂತ ಕೂತಲ್ಲೇ ಹೊಂದಿಸಿಕೊಡುತ್ತೇನೆ. ಇದಕ್ಕೆ ಟ್ರಿಪ್ ಪ್ಲಾನರ್ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಮಾತ್ರ, ಊರೂರಿನ ಊಟದ ಮಾತಾಡುತ್ತ ಫೋನಿನಲ್ಲಿ ಹೊತ್ತು ಕಳೆಯುವವನು ಅನ್ನುತ್ತಾರೆ. ಅದೂ ಸುಳ್ಳಲ್ಲ.

ಗೈಡ್ ಆಗಿದ್ದಾಗಿನ ಒಂದು ಸಂಕಟ ಹೇಳುತ್ತೇನೆ. ಬೆಂಗಳೂರಿನಿಂದ ರಾತ್ರಿ ಹೊರಟ ಬಸ್ಸು ಬೆಳಗ್ಗೆ ಹೊಸಪೇಟೆ ಸೇರಿ, ಜನ ಸ್ನಾನ ಮಾಡಿ, ತಿಂಡಿ ತಿಂದು, ವಿಜಯ ವಿಠ್ಠಲ ದೇವಸ್ಥಾನದ ಮುಂದೆ ಬಂದು ನಿಲ್ಲುವಷ್ಟರಲ್ಲಿ ಹನ್ನೆರಡೂವರೆ. ಅದೂ ಏಪ್ರಿಲ್ ತಿಂಗಳು. ಬಂಡೆಗಳೆಲ್ಲ ಕಾದ ಹಂಚು. ಕಲ್ಲಿನ ರಥದ ಮುಂದೆ 50 ರೂಪಾಯಿ ನೋಟು ಹಿಡಿದು, ನೋಟಿನ ರಥ ಮತ್ತು ನಿಜವಾದ ರಥ ಎರಡನ್ನೂ ಒಂದೇ ಫೋಟೊದಲ್ಲಿ ತೆಗೆಯುವಷ್ಟು ಹೊತ್ತು ಉತ್ಸಾಹ ಇರುತ್ತಿತ್ತು. ಆಮೇಲೆ ನಾನು 1336ರಿಂದ ಕಥೆ ಶುರುಮಾಡಿ 1565ರ ಯುದ್ಧಕ್ಕೆ ಬರುವ ಹೊತ್ತಿಗೆ ಅರ್ಧ ಗುಂಪು ಮರದ ನೆರಳು ಸೇರಿರುತ್ತಿತ್ತು. ಒಂದು ದಿನ ಗದಗಿನ ಕಡೆಯ ಅಜ್ಜಿಯೊಬ್ಬರು ನನ್ನ ತೋಳು ಹಿಡಿದು ನಿಲ್ಲಿಸಿದರು. "ತಮ್ಮಾ, ಸಾಮ್ರಾಜ್ಯ ಹೆಂಗೂ ಬಿದ್ ಹೋತು. ಊಟ ಎಲ್ಲೈತಿ, ಮೊದಲ ಅದನ್ನ ಹೇಳು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ರಾತ್ರಿ ಮಲಗಿದಾಗ ಅನ್ನಿಸಿತು, ತಪ್ಪು ಅಜ್ಜಿಯದಲ್ಲ, ಹಂಪಿಯದೂ ಅಲ್ಲ. ತಪ್ಪು ಹೊತ್ತಿನದು. ಗೈಡ್‌ಗೆ ಜಾಗ ಗೊತ್ತಿರುತ್ತದೆ, ಹೊತ್ತು ಅವನ ಕೈಯಲ್ಲಿರುವುದಿಲ್ಲ. ಇನ್ಯಾರೋ ಬರೆದ ಪಟ್ಟಿಯ ಪ್ರಕಾರ ಜನ ಬಂದು ಇಳಿಯುತ್ತಾರೆ. ಆ ಪಟ್ಟಿಯನ್ನು ನಾನೇ ಯಾಕೆ ಬರೆಯಬಾರದು? ಕೆಲಸ ಬದಲಾಗಿದ್ದು ಹೀಗೆ.

ಈಗ ಹಂಪಿಗೆ ಹೋಗುವವರಿಗೆ ನಾನು ಮೊದಲು ಬರೆದುಕೊಡುವುದು ಬೆಳಗಿನ ಜಾವ ಐದು ಗಂಟೆ. ಬೈಗುಳ ತಿನ್ನುತ್ತೇನೆ, ಆದರೂ ಬರೆಯುತ್ತೇನೆ. ಟಾರ್ಚ್ ಹಿಡಿದು, ಜೊತೆಗೆ ದಾರಿ ಬಲ್ಲವರನ್ನು ಕರೆದುಕೊಂಡು ಮಾತಂಗ ಪರ್ವತ ಹತ್ತಿ. ಬೆಳಕು ಹರಿಯುವಾಗ ಕೆಳಗೆ ಅಚ್ಯುತರಾಯ ದೇವಸ್ಥಾನ ಇಡಿಯಾಗಿ, ಯಾರೋ ನೆಲದ ಮೇಲೆ ನಕ್ಷೆ ಬಿಡಿಸಿದಂತೆ ಕಾಣುತ್ತದೆ. ಆಚೆಗೆ ತುಂಗಭದ್ರೆ, ಬಾಳೆತೋಟ, ವಿರೂಪಾಕ್ಷನ ಗೋಪುರ. ಬಿಸಿಲು ಏರಿದ ಮೇಲೆ ಬಯಲಲ್ಲಿ ಅಲೆಯಬೇಡಿ, ಒಳಗೆ ಹೋಗಿ. ವಿರೂಪಾಕ್ಷ ದೇವಸ್ಥಾನದ ಹಿಂಭಾಗದ ಕತ್ತಲೆ ಕೋಣೆಯೊಂದರ ಗೋಡೆಯಲ್ಲಿ ಸಣ್ಣ ಕಂಡಿ ಇದೆ. ಅದರಿಂದ ಬಂದ ಬೆಳಕು ಎದುರಿನ ಗೋಡೆಯ ಮೇಲೆ ರಾಜಗೋಪುರವನ್ನು ತಲೆಕೆಳಗಾಗಿ ಮೂಡಿಸುತ್ತದೆ. ಕ್ಯಾಮೆರಾದೊಳಗೆ ನಾವೇ ನಿಂತ ಹಾಗೆ. ಸುಡುಮಧ್ಯಾಹ್ನಕ್ಕೆ ಕಮಲಾಪುರದ ವಸ್ತುಸಂಗ್ರಹಾಲಯ ಒಳ್ಳೆಯದು. ಅಲ್ಲಿ ಇಡೀ ಹಂಪಿಯ ಮಾದರಿಯನ್ನು ಮಾಡಿಟ್ಟಿದ್ದಾರೆ. ಅದನ್ನು ಒಮ್ಮೆ ಸುತ್ತು ಹಾಕಿದರೆ, ಎರಡು ದಿನ ಅಲೆದರೂ ತಿಳಿಯದ ದಿಕ್ಕುಗಳು ತಿಳಿಯುತ್ತವೆ.

ನಾಲ್ಕು ಗಂಟೆಗೆ ಒಗ್ಗರಣಿ-ಮಿರ್ಚಿ. ಮಂಡಕ್ಕಿಯನ್ನು ನೀರಲ್ಲಿ ಅದ್ದಿ, ಹಿಂಡಿ, ಉಳ್ಳಾಗಡ್ಡಿ-ಹಸಿಮೆಣಸಿನ ಒಗ್ಗರಣೆಗೆ ಹಾಕಿ, ಮೇಲೆ ಪುಟಾಣಿ ಹಿಟ್ಟು ಉದುರಿಸಿ ಕೊಡುವ ತಿಂಡಿ. ಧಾರವಾಡದ ಕಡೆ ಇದನ್ನೇ ಸುಸಲಾ ಅನ್ನುತ್ತಾರೆ. ಪಕ್ಕದಲ್ಲಿ ಆಗಷ್ಟೇ ಎಣ್ಣೆಯಿಂದ ಎತ್ತಿದ ಮಿರ್ಚಿ ಇರಲೇಬೇಕು. ಆರಿದ ಮಿರ್ಚಿ ತಿನ್ನುವುದಕ್ಕಿಂತ ಉಪವಾಸ ಇರುವುದು ಲೇಸು ಅಂತ ನನ್ನ ಮತ.

ಕಮಲಾಪುರ ಅಂದೆನಲ್ಲ, ಅದರಿಂದ ಒಮ್ಮೆ ನನ್ನ ಮಾನ ಹೋಗಿದೆ. ಹೊಸದಾಗಿ ಈ ಕೆಲಸಕ್ಕೆ ಇಳಿದಾಗ ಒಂದು ಕುಟುಂಬದವರು ಕೇಳಿದರು, "ಕಮಲಾಪುರದ ಕೆಂಪು ಬಾಳೆಹಣ್ಣು ತಿನ್ನಬೇಕಲ್ಲ ಸರ್, ಎಲ್ಲಿ ಸಿಗುತ್ತೆ?" "ಅಯ್ಯೋ, ಹಂಪಿ ಪಕ್ಕದಲ್ಲೇ" ಅಂತ ಧೈರ್ಯವಾಗಿ ಬರೆದುಕೊಟ್ಟೆ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಆ ಕೆಂಪು ಬಾಳೆ ಕಲಬುರಗಿ ಜಿಲ್ಲೆಯ ಕಮಲಾಪುರದ್ದು. ಪಾಪ, ಅವರು ಹಂಪಿಯ ಕಮಲಾಪುರದಲ್ಲಿ ಅಂಗಡಿ ಅಂಗಡಿ ತಿರುಗಿ, ಕೊನೆಗೆ ಹಳದಿ ಬಾಳೆಹಣ್ಣು ತಿಂದು ನನಗೆ ಫೋನ್ ಮಾಡಿದರು. ಅಂದಿನಿಂದ ಊರಿನ ಹೆಸರಿನ ಮುಂದೆ ಜಿಲ್ಲೆಯ ಹೆಸರು ಬರೆಯದೆ ಪಟ್ಟಿ ಮುಗಿಸುವುದಿಲ್ಲ.

ನನಗೆ ಅತಿ ಇಷ್ಟದ ಜಾಗ ಯಾವುದು ಅಂತ ಕೇಳುತ್ತಾರೆ. ಹಂಪಿ ಅನ್ನುತ್ತೇನೆ ಅಂತ ಕಾಯುತ್ತಾರೆ. ಹಂಪಿ ನನಗೆ ಅನ್ನ ಕೊಟ್ಟ ಊರು, ಅದರ ಮಾತು ಬೇರೆ. ಇಷ್ಟದ್ದು ಬಾದಾಮಿ. ಅಲ್ಲಿಗೆ ನಾನು ಯಾವತ್ತೂ ಗೈಡ್ ಆಗಿ ಹೋದವನಲ್ಲ, ಅದೇ ಕಾರಣ ಇರಬೇಕು. ಅಲ್ಲಿ ಯಾರೂ ನನ್ನನ್ನು ಇಸವಿ ಕೇಳುವುದಿಲ್ಲ.

ಹಂಪಿಯಿಂದ ಮೂರು-ಮೂರೂವರೆ ತಾಸಿನ ದಾರಿ. ಬೆಳಗ್ಗೆ ಎಂಟೂವರೆಗೆ ಹೊರಟರೆ ಬನಶಂಕರಿಗೆ ಊಟದ ಹೊತ್ತಿಗೆ ಸರಿಯಾಗಿ ಸೇರುತ್ತೀರಿ. ಬಾದಾಮಿಗೆ ಹೋಗುವ ಮೊದಲೇ ಬನಶಂಕರಿ, ಇದು ನನ್ನ ಪಟ್ಟಿಯ ಕಟ್ಟುನಿಟ್ಟು. ದೇವಿಯ ದರ್ಶನ ಮುಗಿಸಿ ಹರಿದ್ರಾ ತೀರ್ಥದ ಕಡೆ ಬಂದರೆ ಬುಟ್ಟಿ ಹೊತ್ತ ಹೆಣ್ಣುಮಕ್ಕಳು ಕಾಣುತ್ತಾರೆ. "ಊಟ ಮಾಡ್ತೀರೇನ್ರೀ ಯಣ್ಣಾ? ಬರ್ರಿ, ಕುಂಡ್ರ್ರಿ." ಕಲ್ಲಿನ ಮೇಲೆ, ಮರದ ಬುಡದಲ್ಲಿ, ಎಲ್ಲಿ ನೆರಳಿದೆಯೋ ಅಲ್ಲಿ ಕೂರಬೇಕು. ಬುಟ್ಟಿ ಬಿಚ್ಚಿದರೆ ಮೊದಲು ಬಿಳಿ ಬಟ್ಟೆಯಲ್ಲಿ ಸುತ್ತಿದ ಜೋಳದ ರೊಟ್ಟಿ. ಆಮೇಲೆ ಪುಂಡಿ ಸೊಪ್ಪಿನ ಪಲ್ಯ, ಕೆಂಪು ಮೆಣಸಿನಕಾಯಿಯ ಕೆಂಪಿಂಡಿ, ಶೇಂಗಾ ಹಿಂಡಿ, ಕಾಳಿನ ಪಲ್ಯ, ಗಡಿಗೆಯಲ್ಲಿ ಹೆಪ್ಪುಹಾಕಿದ ಗಟ್ಟಿ ಮೊಸರು. ಗೋಧಿಗಿರುವ ಜಿಗಿ ಜೋಳದ ಹಿಟ್ಟಿಗೆ ಇಲ್ಲ. ಅದಕ್ಕೇ ಎಸರಿನಲ್ಲಿ ನಾದಿ, ಲಟ್ಟಿಸದೆ ಕೈಯಿಂದಲೇ ಬಡಿದು ಅಗಲ ಮಾಡಬೇಕು. ಆ ರೊಟ್ಟಿ ಅಷ್ಟು ತೆಳ್ಳಗೆ ಹೇಗಾಯಿತು ಅಂತ ಕೇಳಿದ್ದಕ್ಕೆ ಅಕ್ಕನೊಬ್ಬರು ಉತ್ತರ ಹೇಳಲಿಲ್ಲ, ಅಂಗೈ ತೋರಿಸಿದರು. ಪುಂಡಿಯ ಹುಳಿ ಮೊದಲ ತುತ್ತಿಗೆ ಜೋರು ಅನ್ನಿಸುತ್ತದೆ. ಮೊಸರು ಬೆರೆಸಿದರೆ ಎರಡನೆಯ ರೊಟ್ಟಿಗೆ ಕೈ ತಾನಾಗಿ ಹೋಗುತ್ತದೆ. ಮೂರು ಗಂಟೆಗೆ ಬಂದವರಿಗೆ ಬುಟ್ಟಿಯ ತಳ ಸಿಗಬಹುದು, ಅಷ್ಟೆ.

ಜನವರಿಯ ಬನದ ಹುಣ್ಣಿಮೆಗೆ ಇಲ್ಲಿ ಜಾತ್ರೆ. ನಾಟಕ ಕಂಪನಿಗಳು ಬಂದು ಡೇರೆ ಹಾಕಿ ಬೆಳಗಿನವರೆಗೆ ನಾಟಕ ಆಡುತ್ತವೆ. ದೇವಿಗೆ ನೂರೆಂಟು ಬಗೆಯ ಪಲ್ಯ ಮಾಡಿ ನೈವೇದ್ಯ ಹಿಡಿಯುವ ಪಲ್ಯದ ಹಬ್ಬವೂ ಇದೆ. ಸಸ್ಯಾಹಾರದಲ್ಲಿ ತಿನ್ನುವುದಕ್ಕೆ ಏನಿದೆ ಅಂತ ಕೇಳುವ ನನ್ನ ಕೆಲವು ಗಿರಾಕಿಗಳಿಗೆ ಇದನ್ನು ಒತ್ತಿ ಹೇಳುತ್ತೇನೆ. ಅದೇ ಚಳಿಗಾಲದಲ್ಲಿ, ಹೊಲದ ಬದುವಿನಲ್ಲಿ ಪರಿಚಯದವರಿದ್ದರೆ ಸೀತನಿ ಸಿಗುತ್ತದೆ. ಹಾಲು ತುಂಬಿದ ಎಳೆ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಡಿದು ಉದುರಿಸಿದ ಕಾಳು. ಕೆಲವೇ ವಾರಗಳ ಭಾಗ್ಯ ಅದು. ತೆನೆ ಬಲಿತರೆ ಮುಗಿಯಿತು, ಯಾವ ಹೋಟೆಲಿನವರಿಗೂ ತಂದುಕೊಡಲು ಆಗುವುದಿಲ್ಲ.

ಊಟ ಆದಮೇಲೆ ಬಾದಾಮಿ. ಗುಹೆಗಳ ಮೆಟ್ಟಿಲು ಹತ್ತುವಾಗ ಕೈಯಲ್ಲಿ ತಿನ್ನುವುದೇನೂ ಇರಬಾರದು. ಮಂಗಗಳು ನಿಮಗಿಂತ ಮೊದಲೇ ಪ್ಲಾನ್ ಮಾಡಿಕೊಂಡು ಕೂತಿರುತ್ತವೆ. ಮೊದಲ ಗುಹೆಯಲ್ಲಿ 18 ಕೈಗಳ ನಟರಾಜ. ಮೂರನೆಯದರಲ್ಲಿ ಚಾಲುಕ್ಯರ ಮಂಗಳೇಶ ಬರೆಸಿದ, 578ರ ಶಾಸನ. ನೋಡಿ, ಗೈಡ್ ಚಾಳಿ ಬಿಟ್ಟಿಲ್ಲ, ಇಸವಿ ಬಂದೇಬಿಟ್ಟಿತು. ಸಂಜೆ ಐದರ ನಂತರ ಅಗಸ್ತ್ಯ ತೀರ್ಥದ ದಂಡೆಗುಂಟ ನಡೆದು ಭೂತನಾಥ ದೇವಸ್ಥಾನಕ್ಕೆ ಹೋಗಿ. ಅದರ ಮುಖ ಪಡುವಣಕ್ಕೆ. ಇಳಿಬಿಸಿಲು ನೇರ ಬಂದು ಕಲ್ಲಿಗೆ ತಾಗಿದಾಗ ಹಿಂದಿನ ಗುಡ್ಡವೂ ಮುಂದಿನ ನೀರೂ ಒಂದೇ ಬಣ್ಣಕ್ಕೆ ತಿರುಗುತ್ತವೆ. ಕೆರೆಯ ಪಕ್ಕದ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ಸುಮಾರು 7ನೇ ಶತಮಾನದ್ದು, ಕನ್ನಡದ ತ್ರಿಪದಿಯನ್ನು ಕಲ್ಲಿನ ಮೇಲೆ ಓದಬೇಕೆಂದರೆ ಇಲ್ಲಿಗೇ ಬರಬೇಕು. ಕೆಳಗೆ ಮೆಟ್ಟಿಲ ಮೇಲೆ ಹೆಂಗಸರು ಬಟ್ಟೆ ಒಗೆಯುವ ಸದ್ದು ಗುಡ್ಡಕ್ಕೆ ತಾಗಿ ಮರಳಿ ಕೇಳುತ್ತದೆ. ನನ್ನ ಪಟ್ಟಿಯಲ್ಲಿ ಇಲ್ಲಿಗೆ ಒಂದೂವರೆ ಗಂಟೆ ಇಟ್ಟಿರುತ್ತೇನೆ. ಅಲ್ಲಿ ಅಷ್ಟು ಹೊತ್ತು ಏನು ಮಾಡೋದು ಅಂತ ಕೇಳುತ್ತಾರೆ. ಏನೂ ಮಾಡಬೇಡಿ ಅನ್ನುತ್ತೇನೆ.

ಮರುದಿನದ ಪಟ್ಟದಕಲ್ಲು, ಐಹೊಳೆ ಎಲ್ಲರಿಗೂ ಗೊತ್ತಿದ್ದದ್ದೇ. ಬೆಳಗ್ಗೆ ಹೋಗಿ, ಅಷ್ಟು ಸಾಕು. ಹಳೇಬೀಡಿಗೂ ಇದೇ ಮಾತು. ನೆತ್ತಿಯ ಬಿಸಿಲಿನಲ್ಲಿ ಆ ಗೋಡೆಯ ಕೆತ್ತನೆಗಳು ಚಪ್ಪಟೆಯಾಗಿ ಕಾಣುತ್ತವೆ. ಓರೆ ಬೆಳಕು ಬಿದ್ದಾಗ ಆನೆಗಳ ಸಾಲಿಗೆ ನೆರಳು ಹುಟ್ಟಿ ಅವು ನಡೆಯಲು ಶುರುಮಾಡುತ್ತವೆ. ದಾವಣಗೆರೆಯಲ್ಲಿ ಬೆಣ್ಣೆ ದೋಸೆಯೂ ಬೆಳಗಿನದೇ. ರಾತ್ರಿ ತಿಂದು ಬಂದು ಅಷ್ಟೇನೂ ಇಲ್ಲ ಅನ್ನುವವರ ಜೊತೆ ನಾನು ವಾದ ಮಾಡುವುದಿಲ್ಲ.

ಗಡಿಯಾರ ಸಾಲದೆ ಪಂಚಾಂಗ ನೋಡಬೇಕಾದ ಊಟವೂ ಇದೆ. ಕೊಡಗಿನಲ್ಲಿ ಕಕ್ಕಡ ಮಾಸದ 18ನೇ ದಿನ, ಸಾಮಾನ್ಯವಾಗಿ ಆಗಸ್ಟ್ 3ರಂದು, ಮದ್ದು ಸೊಪ್ಪಿನ ಪಾಯಸ ಮಾಡುತ್ತಾರೆ. ಆ ದಿನ ಸೊಪ್ಪಿನಲ್ಲಿ 18 ಬಗೆಯ ಔಷಧ ಗುಣ ಸೇರಿರುತ್ತವೆ ಅನ್ನುವುದು ನಂಬಿಕೆ. ಸೊಪ್ಪನ್ನು ಕುದಿಸಿದ ನೀರು ಕಡುನೇರಳೆ. ಅದರಲ್ಲೇ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನಕಾಯಿ ಹಾಕುತ್ತಾರೆ. ಹೊರಗೆ ಬಿಡದೆ ಸುರಿಯುವ ಮಳೆ, ನಾಟಿ ಮುಗಿದ ಗದ್ದೆ, ಒಳಗೆ ನೇರಳೆ ಪಾಯಸ. ನನ್ನ ಪರಿಚಯದ ಮನೆಯೊಂದಕ್ಕೆ ಗಂಡ-ಹೆಂಡತಿಯನ್ನು ಕಳಿಸಿದ್ದೆ. ಮಾರನೇ ಬೆಳಗ್ಗೆ ಆರಕ್ಕೆ ಗಂಡನ ಫೋನು, ದನಿಯಲ್ಲಿ ನಡುಕ. "ಸರ್, ಮೂತ್ರ ಕೆಂಪಗಾಗಿದೆ, ಆಸ್ಪತ್ರೆ ಎಲ್ಲಿದೆ?" ಆ ಪಾಯಸ ತಿಂದವರಿಗೆ ಹಾಗಾಗುವುದು ಸಹಜ ಅಂತ ಮೊದಲೇ ಹೇಳುವುದನ್ನು ನಾನು ಮರೆತಿದ್ದೆ. ಅವರ ಹೆಂಡತಿ ಹಿಂದೆ ನಗುತ್ತಿದ್ದುದು ನನಗೆ ಕೇಳಿಸುತ್ತಿತ್ತು. ಮನೆಯೊಡತಿ ಅವರಿಗೆ ಹೇಳಿದ್ದರಂತೆ, ಅವರು ಗಂಡನಿಗೆ ಹೇಳಿರಲಿಲ್ಲ.

ಮತ್ತೆ ಹಂಪಿಗೇ ಬರುತ್ತೇನೆ. ಅಲ್ಲೊಂದು ಜಾಗವಿದೆ, ಭೋಜನಶಾಲೆ ಅನ್ನುತ್ತಾರೆ. ಕಲ್ಲಿನ ಕಾಲುವೆಯ ಎರಡೂ ಬದಿಗೆ ಸಾಲಾಗಿ ಕಲ್ಲಿನ ತಟ್ಟೆಗಳು. ಒಂದೇ ಕಲ್ಲಿನಲ್ಲಿ ತಟ್ಟೆಯೂ, ಪಲ್ಯ-ಸಾರಿಗೆ ಬಟ್ಟಲಿನಂಥ ಗುಳಿಗಳೂ ಕೊರೆದಿವೆ. ಗೈಡ್ ಆಗಿದ್ದಾಗ ಇದನ್ನು ಎರಡು ನಿಮಿಷದಲ್ಲಿ ಮುಗಿಸುತ್ತಿದ್ದೆ. ಹೇಳಲು ರಾಜನ ಹೆಸರಿಲ್ಲ, ಯುದ್ಧವಿಲ್ಲ. ಈಗ ಬೇಕೆಂದೇ ಅದನ್ನು ಊಟಕ್ಕೆ ಅರ್ಧ ತಾಸು ಮೊದಲು, ಎಲ್ಲರಿಗೂ ಚೆನ್ನಾಗಿ ಹಸಿದಿರುವಾಗ ಇಡುತ್ತೇನೆ. ಹೋದ ವರ್ಷ ಒಂದು ಕುಟುಂಬದ ಜೊತೆ ನಾನೇ ಹೋಗಿದ್ದೆ. ಆರು ವರ್ಷದ ಹುಡುಗಿ ಹೋಗಿ ಒಂದು ತಟ್ಟೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು. ಅವಳ ಅಣ್ಣ ಪಕ್ಕದ ತಟ್ಟೆಗೆ. ಬೇಡ ಬೇಡ ಅನ್ನುತ್ತಲೇ ಅವರ ಅಪ್ಪನೂ ಕೂತರು. ಹುಡುಗಿ ಕಲ್ಲಿನ ಗುಳಿಗಳನ್ನು ಬೆರಳಿಂದ ಎಣಿಸಿ, ತಲೆಯೆತ್ತಿ ನನ್ನ ಕಡೆ ನೋಡಿ ಕೇಳಿದಳು, "ಅಂಕಲ್, ಇದ್ರಲ್ಲಿ ಉಪ್ಪಿನಕಾಯಿ ಯಾವ್ದಕ್ಕೆ ಬಡಿಸ್ತಿದ್ರು?"

11 ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ನಾನೂ ಒಂದು ತಟ್ಟೆಯ ಮುಂದೆ ಕೂತೆ.

ನಮಸ್ಕಾರ.