ಮೊದಲು ಊರು ಯಾವುದು ಅಂತ ಕೇಳಿ

ಎಲ್ಲರಿಗೂ ನಮಸ್ಕಾರ.

ಇವತ್ತು ಫುಟ್‌ಬಾಲ್ ಮಾತು. ಅದಕ್ಕಿಂತ ಜಾಸ್ತಿ, ಫುಟ್‌ಬಾಲ್ ಆಡುವ ಊರುಗಳ ಮಾತು.

ಬೆಂಗಳೂರಿನ ಹಲಸೂರು ಕಡೆ ಗೌತಮಪುರ ಅಂತ ಒಂದು ಬಡಾವಣೆ ಇದೆ. ಅಲ್ಲಿ ಪೆಲೆಯ ಪ್ರತಿಮೆ ಇದೆ, ನಿಜವಾಗ್ಲೂ ಇದೆ, ಹೋಗಿ ನೋಡಿ. ಆ ಕಡೆಯ ಒಂದು ಟೀ ಅಂಗಡಿ ಮುಂದೆ ನಾವು ಐದಾರು ಜನ ಸೇರುತ್ತಿದ್ದೆವು. 2013ರ ಡಿಸೆಂಬರ್‌ನಲ್ಲಿ ಬ್ರೆಜಿಲ್ ವಿಶ್ವಕಪ್‌ನ ಡ್ರಾ, ಅಂದರೆ ಯಾವ ತಂಡ ಯಾವ ಗುಂಪಿಗೆ ಅಂತ ಚೀಟಿ ಎತ್ತುವುದು, ಆಯಿತಲ್ಲ, ಮಾರನೇ ದಿನ ಅಲ್ಲಿ ಜಗಳವೋ ಜಗಳ. ಡಿ ಗುಂಪಿನಲ್ಲಿ ಇಟಲಿ, ಇಂಗ್ಲೆಂಡ್, ಉರುಗ್ವೆ, ಮೂರೂ ಹಿಂದೆ ಕಪ್ ಗೆದ್ದ ತಂಡಗಳು. ಜೊತೆಗೆ ಕೋಸ್ಟಾ ರಿಕಾ. ಪಾಪ ಕೋಸ್ಟಾ ರಿಕಾ, ಅಂದೆವು ಎಲ್ಲರೂ. ನಾನೂ ಅಂದೆ. ಇಟಲಿ ಮೊದಲನೇ ಸ್ಥಾನ ಅಂತ ಒಬ್ಬ ಬಾಜಿ ಕಟ್ಟಿದ.

ನಮ್ಮಲ್ಲಿ ಮಂಗಳೂರಿನವನು ಒಬ್ಬನಿದ್ದ. ಕಾಲೇಜಿನಲ್ಲಿ ಫುಟ್‌ಬಾಲ್ ಆಡಿದವನು. ಎಲ್ಲ ಕೇಳಿಸಿಕೊಂಡು, "ಅದೆಲ್ಲ ಇರ್ಲಿ ಮಾರಾಯ, ಮ್ಯಾಚು ಯಾವ ಊರಲ್ಲಿ?" ಅಂದ. ಪೇಪರ್ ತೆಗೆದು ನೋಡಿದೆವು. ಇಂಗ್ಲೆಂಡ್-ಇಟಲಿ, ಮನೌಸ್.

ಮನೌಸ್ ಅಂದರೆ ಅಮೆಜಾನ್ ಕಾಡಿನ ನಡುವಿನ ಊರು. ಜೂನ್ ಅಂದರೆ ಬ್ರೆಜಿಲ್‌ಗೆ ಚಳಿಗಾಲ, ದಕ್ಷಿಣದ ಪೋರ್ಟೊ ಅಲೆಗ್ರೆಯಲ್ಲಿ ಸ್ವೆಟರ್ ಹಾಕಿಕೊಂಡು ಮ್ಯಾಚ್ ನೋಡಬೇಕು, ಆದರೆ ಮನೌಸ್ ಭೂಮಧ್ಯರೇಖೆಗೆ ಹತ್ತಿರ, ಅಲ್ಲಿ ಚಳಿಗಾಲ ಅನ್ನುವ ಮಾತೇ ಇಲ್ಲ. ಇಂಗ್ಲೆಂಡ್ ಕೋಚ್ ರಾಯ್ ಹಾಡ್ಜ್‌ಸನ್ ಡ್ರಾಗೆ ಮುಂಚೆಯೇ ಆ ಊರು ತಪ್ಪಿದರೆ ಒಳ್ಳೇದು ಅಂತ ಹೇಳಿದ್ದರು. ಮನೌಸ್ ಮೇಯರ್‌ಗೆ ಕೋಪ ಬಂತು. ನಮಗೂ ಇಂಗ್ಲೆಂಡ್ ಬೇಡ, ಇನ್ನೂ ಚೆನ್ನಾಗಿ ಆಡುವ ತಂಡ ಬರಲಿ, ಮರ್ಯಾದೆ ಗೊತ್ತಿರುವ ಕೋಚ್ ಬರಲಿ ಅಂತ ತಿರುಗೇಟು ಕೊಟ್ಟರು. ಆಮೇಲೆ ಡ್ರಾ ಆಯಿತು. ಇಬ್ಬರಿಗೂ ಬೇಡವಾಗಿದ್ದೇ ಬಂತು!

ಉತ್ತರ ಕರ್ನಾಟಕದವರಿಗೆ ಬಿಸಿಲು ಹೊಸದಲ್ಲ. ಕಲಬುರಗಿಯ ಮೇ ತಿಂಗಳಲ್ಲಿ ತಲೆ ಸುಡುತ್ತದೆ, ಆದರೆ ಬಂದ ಬೆವರು ಆರಿಹೋಗುತ್ತದೆ. ಮಂಗಳೂರಿನದು ಬಿಸಿಲಲ್ಲ, ಸೆಕೆ. ಥರ್ಮಾಮೀಟರ್‌ನಲ್ಲಿ ಅಂಕಿ ಕಮ್ಮಿ ಇದ್ದರೂ ಗಾಳಿಯಲ್ಲಿ ತೇವ ತುಂಬಿರುತ್ತದೆ. ಬೆವರು ಆರುವುದೇ ಇಲ್ಲ, ಸುಮ್ನೆ ಸುರಿಯುತ್ತದೆ. ಬೆವರು ಆರಿದರೆ ತಾನೇ ಮೈ ತಣ್ಣಗಾಗುವುದು? ಮನೌಸ್‌ದು ಈ ಜಾತಿ. ಅದಕ್ಕೇ ಫಿಫಾದವರು ಬರೀ ಉಷ್ಣತೆ ನೋಡುವುದಿಲ್ಲ, ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ಇಟ್ಟು, ತೇವ, ಬಿಸಿಲಿನ ಝಳ ಎಲ್ಲ ಸೇರಿಸಿ ಒಂದು ಲೆಕ್ಕ ತೆಗೆಯುತ್ತಾರೆ. ಆ ಲೆಕ್ಕದಲ್ಲಿ 32 ದಾಟಿದರೆ ಆಟ ನಿಲ್ಲಿಸಿ ನೀರು ಕೊಡಬೇಕು.

ಇಂಗ್ಲೆಂಡಿನವರು ಪೋರ್ಚುಗಲ್‌ನಲ್ಲಿ ಒಂದರ ಮೇಲೊಂದು ಬಟ್ಟೆ ಹಾಕಿಕೊಂಡು ಅಭ್ಯಾಸ ಮಾಡಿದರು, ಮೈ ಸೆಕೆಗೆ ಒಗ್ಗಲಿ ಅಂತ. ಪಂದ್ಯ ನಮಗೆ ಜೂನ್ 15ರ ಬೆಳಗಿನ ಜಾವ ಮೂರೂವರೆಗೆ. ಇಟಲಿಯ ಮಾರ್ಕಿಸಿಯೊ ಗೋಲು ಹೊಡೆದ, ಎರಡೇ ನಿಮಿಷಕ್ಕೆ ಇಂಗ್ಲೆಂಡಿನ ಸ್ಟರಿಜ್ ಸಮ ಮಾಡಿದ. ಆ ಗೋಲಿಗೆ ಕುಣಿದ ಇಂಗ್ಲೆಂಡಿನ ಫಿಸಿಯೊ ನೀರಿನ ಬಾಟಲಿ ಮೇಲೆ ಕಾಲಿಟ್ಟು ತನ್ನದೇ ಪಾದದ ಕೀಲು ತಪ್ಪಿಸಿಕೊಂಡರು. ಆಟಗಾರರ ಕಾಲು ನೋಡಿಕೊಳ್ಳಬೇಕಾದವರನ್ನೇ ಸ್ಟ್ರೆಚರ್‌ನಲ್ಲಿ ಹೊತ್ತುಕೊಂಡು ಹೋದರು. ನಗಬಾರದು, ನಕ್ಕೆವು. ಬಲೊಟೆಲ್ಲಿ ತಲೆಯಲ್ಲಿ ಹೊಡೆದ ಗೋಲಿನಿಂದ ಇಟಲಿ 2-1ರಲ್ಲಿ ಗೆದ್ದಿತು.

ಬಾಜಿ ಕಟ್ಟಿದವನ ಖುಷಿ ಕೇಳಬೇಡಿ. ಮಂಗಳೂರಿನವನು ಮಾತ್ರ, "ಇವರು ಗೆದ್ದರು ಸರಿ, ಮುಂದಿನ ಮ್ಯಾಚಿಗೆ ಕಾಲು ಎಲ್ಲುಂಟು?" ಅಂದ.

ಇಟಲಿಯ ಮುಂದಿನ ಪಂದ್ಯ ರೆಸೀಫೆಯಲ್ಲಿ, ಮಧ್ಯಾಹ್ನ ಒಂದು ಗಂಟೆಗೆ, ಅದೇ ಕೋಸ್ಟಾ ರಿಕಾ ಮೇಲೆ. ಅವರ ಬ್ರಯಾನ್ ರುಯಿಜ್ ಒಂದು ಗೋಲು ಹೊಡೆದ, ಅಷ್ಟೇ. ಇಟಲಿಯವರು ಓಡುತ್ತಿದ್ದರೋ ನಡೆಯುತ್ತಿದ್ದರೋ ಗೊತ್ತಾಗಲಿಲ್ಲ. ಅದರ ಮುಂದಿನದು ನಟಾಲ್, ಮತ್ತೆ ಮಧ್ಯಾಹ್ನ ಒಂದು ಗಂಟೆ, ಉರುಗ್ವೆ ಮೇಲೆ. ಉರುಗ್ವೆಯ ಸುವಾರೆಜ್ ಇಟಲಿಯ ಕಿಯೆಲ್ಲಿನಿಯ ಭುಜ ಕಚ್ಚಿದ ಪಂದ್ಯ ಅದೇ. ಅಲ್ಲೂ 1-0 ಸೋಲು. ಇಟಲಿ ಮನೆಗೆ. ಇಂಗ್ಲೆಂಡ್ ಕೂಡ ಮನೆಗೆ. ಗುಂಪಿನಲ್ಲಿ ಮೊದಲನೇ ಸ್ಥಾನ ಯಾರಿಗೆ? ಪಾಪ ಅಂದೆವಲ್ಲ, ಅವರಿಗೆ.

ಆಮೇಲೆ ನಾನು ಕೂತು ಲೆಕ್ಕ ಹಾಕಿದೆ. ಡಿ ಗುಂಪಿನಲ್ಲಿ ಮನೌಸ್‌ಗೆ ಹೋದವರು ಇಬ್ಬರು, ಇಬ್ಬರೂ ಔಟ್. ಹೋಗದೆ ಉಳಿದವರು ಇಬ್ಬರು, ಇಬ್ಬರೂ ಮುಂದಿನ ಸುತ್ತಿಗೆ. ಎ ಗುಂಪಿನಲ್ಲೂ ಹಾಗೇ, ಅಲ್ಲಿ ಆಡಿದ ಕ್ರೊವೇಷಿಯಾ, ಕ್ಯಾಮರೂನ್ ಎರಡೂ ಔಟ್. ಮನೌಸ್‌ನಲ್ಲಿ ಆಡಿದ್ದು ಒಟ್ಟು ಎಂಟು ತಂಡ. ಹೊಂಡುರಾಸ್‌ಗೆ ಅದೇ ಕೊನೆ ಪಂದ್ಯ. ಉಳಿದ ಏಳರಲ್ಲಿ ಆರು ತಂಡ ಅದರ ಮುಂದಿನ ಪಂದ್ಯ ಸೋತವು. ಪೋರ್ಚುಗಲ್ ಒಂದೇ ಘಾನಾ ಮೇಲೆ ಗೆದ್ದದ್ದು.

ಈ ಲೆಕ್ಕ ತೋರಿಸಿದರೆ ಟೀ ಅಂಗಡಿಯಲ್ಲಿ ಎಲ್ಲರೂ ಬಾಯಿ ಮುಚ್ಚಿದರು ಅಂದುಕೊಂಡಿರಾ? ಇಲ್ಲ. ಕ್ಯಾಮರೂನ್‌ಗೆ ಎದುರಾಗಿದ್ದು ಬ್ರೆಜಿಲ್, ಅಮೆರಿಕಕ್ಕೆ ಜರ್ಮನಿ, ಸ್ವಿಟ್ಜರ್ಲೆಂಡ್‌ಗೆ ಅರ್ಜೆಂಟೀನಾ, ಮನೌಸ್ ಇಲ್ಲದಿದ್ದರೂ ಸೋಲುತ್ತಿದ್ದರು ಬಿಡು ಅಂದರು. ಅದೂ ನಿಜವೇ. ಸ್ವಿಟ್ಜರ್ಲೆಂಡ್ ಅಂತೂ 118ನೇ ನಿಮಿಷದವರೆಗೆ ಅರ್ಜೆಂಟೀನಾವನ್ನು ತಡೆದು ನಿಲ್ಲಿಸಿತ್ತು, ಕಾಲು ಸೋತವರು ಹಾಗೆ ಆಡುತ್ತಾರಾ? ಬೆಲೊ ಹೊರಿಜಾಂಟೆಯಲ್ಲಿ ಜರ್ಮನಿ ಬ್ರೆಜಿಲ್‌ಗೆ 7-1 ಬಾರಿಸಿದ್ದಕ್ಕೂ ಹವಾಮಾನ ಕಾರಣ ಅಂತ ಯಾರಾದರೂ ಹೇಳಿದರೆ ನಾನೇ ನಗುತ್ತೇನೆ. ಆದರೂ ಇಟಲಿ, ಇಂಗ್ಲೆಂಡ್ ವಿಷಯದಲ್ಲಿ ನನ್ನ ಮಾತು ಹಿಂದೆ ತೆಗೆದುಕೊಳ್ಳುವುದಿಲ್ಲ.

ಜರ್ಮನಿಯವರು ಮಾತ್ರ ಊರು ಯಾವುದು ಅಂತ ಮೊದಲೇ ನೋಡಿಕೊಂಡವರು. ಅವರ ಗುಂಪಿನ ಪಂದ್ಯಗಳು ಸಾಲ್ವಡಾರ್, ಫೋರ್ಟಲೆಜಾ, ರೆಸೀಫೆ, ಮೂರೂ ಸೆಕೆಯ ಕಡಲ ಊರುಗಳು. ಅದಕ್ಕೇ ಬಾಹಿಯಾದ ಕಡಲ ದಂಡೆಯಲ್ಲಿ, ದೋಣಿ ಹತ್ತಿ ದಾಟಬೇಕಾದ ಸಣ್ಣ ಹಳ್ಳಿಯಲ್ಲಿ ಬಿಡಾರ ಮಾಡಿದರು. ಇಂಗ್ಲೆಂಡ್ ಇಳಿದುಕೊಂಡಿದ್ದು ರಿಯೊದಲ್ಲಿ.

ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿರುವುದು ಫೋರ್ಟಲೆಜಾದ ಹಾಲೆಂಡ್-ಮೆಕ್ಸಿಕೊ ಪಂದ್ಯ. ಜೂನ್ 29, ಅಲ್ಲಿ ಮಟಮಟ ಮಧ್ಯಾಹ್ನ, ನಮಗೆ ರಾತ್ರಿ ಒಂಬತ್ತೂವರೆ. ಡಾಸ್ ಸಾಂಟೊಸ್ ಗೋಲಿನಿಂದ ಮೆಕ್ಸಿಕೊ ಮುಂದೆ. ಹಾಲೆಂಡಿನವರು ಬೆಂದುಹೋಗಿದ್ದರು. 75ನೇ ನಿಮಿಷದ ಹೊತ್ತಿಗೆ ರೆಫ್ರಿ ಆಟ ನಿಲ್ಲಿಸಿ ನೀರಿಗೆ ಬಿಟ್ಟರು. ಎಲ್ಲರೂ ನೀರು ಕುಡಿದರು, ಹಾಲೆಂಡ್ ಕೋಚ್ ವಾನ್ ಗಾಲ್ ಮಾತ್ರ ಅದನ್ನು ಕ್ಲಾಸ್ ರೂಮ್ ಮಾಡಿಕೊಂಡರು. ತಂಡ ನಿಲ್ಲುವ ಕ್ರಮವನ್ನೇ ಬದಲಿಸಿ, ವಾನ್ ಪರ್ಸಿಯನ್ನು ಕರೆಸಿಕೊಂಡು ಹಂಟೆಲಾರ್‌ನನ್ನು ಇಳಿಸಿದರು. 88ನೇ ನಿಮಿಷದಲ್ಲಿ ಹಂಟೆಲಾರ್ ತಲೆಯಲ್ಲಿ ಇಳಿಸಿಕೊಟ್ಟ ಚೆಂಡನ್ನು ಸ್ನೈಡರ್ ಒದ್ದ ಒದೆ ಇದೆಯಲ್ಲ, ಮೆಕ್ಸಿಕೊ ಗೋಲಿ ಒಚೋವಾ ಕೈ ಎತ್ತುವುದರೊಳಗೆ ಬಲೆಯಲ್ಲಿತ್ತು. ಕೊನೆಗೆ ರಾಬೆನ್ ಬಿದ್ದ, ಪೆನಾಲ್ಟಿ, ಹಂಟೆಲಾರ್ ಗೋಲು. ಆ ಪೆನಾಲ್ಟಿ ಸರಿಯೋ ತಪ್ಪೋ ಅಂತ ಕೇಳಬೇಡಿ, ಈ ಭಾಷಣ ಮುಗಿಯುವುದಿಲ್ಲ. ನೀರಿಗೆ ಅಂತ ಕೊಟ್ಟ ಮೂರು ನಿಮಿಷವೇ ಮೆಕ್ಸಿಕೊವನ್ನು ಮುಳುಗಿಸಿತು ಅಂತ ನನಗೆ ಅನ್ನಿಸುತ್ತದೆ.

ಈಗ 2026ರ ವಿಶ್ವಕಪ್ ನೋಡಿ. ಅಮೆರಿಕ, ಮೆಕ್ಸಿಕೊ, ಕೆನಡಾ. 48 ತಂಡ, 104 ಪಂದ್ಯ, 16 ಊರು. ಹವಾಮಾನ ಹೇಗೇ ಇರಲಿ, ಎಲ್ಲ ಪಂದ್ಯಕ್ಕೂ ಎರಡೂ ಅರ್ಧದಲ್ಲಿ ಮೂರು ಮೂರು ನಿಮಿಷ ನೀರಿನ ಬಿಡುವು ಅನ್ನುವ ನಿಯಮ. ಮೆಕ್ಸಿಕೊ ಸಿಟಿ ಸಮುದ್ರಮಟ್ಟದಿಂದ 2,200 ಮೀಟರ್ ಎತ್ತರ, ಅಲ್ಲಿ ಸೆಕೆ ಇಲ್ಲ, ಉಸಿರೇ ಸಾಲುವುದಿಲ್ಲ. ಹ್ಯೂಸ್ಟನ್, ಡಲ್ಲಾಸ್, ಅಟ್ಲಾಂಟಾದಲ್ಲಿ ಚಾವಣಿ (ಮಂಗಳೂರಿನವರ ಮಾತಲ್ಲಿ ಮಾಡು) ಮುಚ್ಚಿ ಎಸಿ ಹಾಕಬಹುದು. ಮಯಾಮಿಯಲ್ಲಿ ಮೈದಾನದ ಮೇಲೆ ಬರೀ ಆಕಾಶ.

ಡ್ರಾ ಆದ ದಿನ ಮಂಗಳೂರಿನವನಿಗೆ ಫೋನ್ ಮಾಡಿದೆ. ಅವನು ಈಗ ಊರಲ್ಲೇ ಇದ್ದಾನೆ. ಯಾವ ಗುಂಪಿನಲ್ಲಿ ಯಾರು ಅಂತ ನಾನು ಉತ್ಸಾಹದಿಂದ ಓದುತ್ತಾ ಹೋದೆ. ಅರ್ಧಕ್ಕೇ ತಡೆದ.

"ಅದು ಬಿಡು ಮಾರಾಯ. ಮೇಲೆ ಮಾಡು ಉಂಟಾ ಇಲ್ವಾ, ಅದು ಹೇಳು."

ನಮಸ್ಕಾರ.