ಕೌದಿ ಹಾಸಿ ಕೂತ ಮೇಲೆ

ಕೇಳುಗರಿಗೆ ನಮಸ್ಕಾರ.

ನಾನು ಬಹಳ ವರ್ಷ ಮಹಿಳಾ ಅಧ್ಯಯನ ಪಾಠ ಮಾಡಿದವಳು. ವಿದ್ಯಾರ್ಥಿನಿಯರನ್ನು ಕಟ್ಟಿಕೊಂಡು ವಿಜಯಪುರದ ಸುತ್ತಲಿನ ಹಳ್ಳಿಗಳನ್ನು ತಿರುಗಿದವಳು. ಇವತ್ತು ಪಾಠದ ಮಾತು ಬೇಡ. ನಮ್ಮಂಥ ವಿಭಾಗಗಳು ಊರಿನ ಹೆಣ್ಣುಮಕ್ಕಳಿಗಾಗಿ ಮಾಡುವ ಕಾರ್ಯಕ್ರಮಗಳ ಬಗ್ಗೆ ಹೇಳುತ್ತೇನೆ.

ಒಂದು ಮಾರ್ಚ್ 8, ಮಹಿಳಾ ದಿನ. ಸಭಾಂಗಣದ ಬಾಗಿಲಿಗೆ ರಂಗೋಲಿ, ವೇದಿಕೆಗೆ ಹೊಸ ಬ್ಯಾನರ್. ಹಳ್ಳಿಗಳಿಂದ ಮೂವತ್ತು ಹೆಣ್ಣುಮಕ್ಕಳನ್ನು ಟಂಟಂ ಗಾಡಿ ಮಾಡಿ ಕರೆಸಿದ್ದೆವು. ಹತ್ತೂವರೆಗೇ ಬಂದು ಕೂತರು. ಅತಿಥಿಗಳು ಬಂದಾಗ ಹನ್ನೆರಡು. ಪ್ರಾರ್ಥನೆ, ಸ್ವಾಗತ, ದೀಪ, ಹಾರ, ಶಾಲು, ಆಮೇಲೆ ಒಂದರ ಹಿಂದೆ ಒಂದು ಭಾಷಣ. ಆಮಂತ್ರಣದ ಕೊನೆಯಲ್ಲಿ ‘ಸಂವಾದ’ ಅಂತ ಅಚ್ಚು ಹಾಕಿಸಿದ್ದೆವು. ಅದರ ಸರದಿ ಬಂದಾಗ ಎರಡೂವರೆ ಆಗಿತ್ತು. ಹಿಂದಿನ ಸಾಲಿನಲ್ಲಿ ಒಬ್ಬ ಅಜ್ಜಿ ಎದ್ದು ನಿಂತಳು. ನಾನು ಖುಷಿಯಿಂದ ಮೈಕ್ ತೆಗೆದುಕೊಂಡು ಹೋದೆ. ಆಕೆ ಕೇಳಿದ್ದು ಇಷ್ಟೇ: ‘ಯವ್ವಾ, ನಮ್ಮನ್ನ ಯಾವಾಗ ಬಿಡ್ತೀರಿ? ಎಮ್ಮಿ ಹಿಂಡೋ ಹೊತ್ತಾತು.’

ಆ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ಮಾರ್ಚ್ ಮೊದಲ ವಾರ ಅಂದರೆ ನಮ್ಮ ಕಡೆ ಬಿಳಿಜೋಳದ ಸುಗ್ಗಿ. ದ್ರಾಕ್ಷಿ ಒಣಗಿಸುವ ಶೆಡ್ಡುಗಳಲ್ಲೂ ಅದೇ ಹೊತ್ತಿಗೆ ಕೆಲಸ ಜಾಸ್ತಿ. ಅಂಥ ದಿನ ಒಬ್ಬಳು ಕೂಲಿ ಬಿಟ್ಟು ಬಂದು ನಾಲ್ಕು ತಾಸು ಸುಮ್ನೆ ಕೂತಿದ್ದಾಳೆ. ಅವಳ ದಿನ ಅಂತ ನಾವೇ ಹೇಳಿ, ಅವಳ ಒಂದು ದಿನದ ದುಡಿಮೆಯನ್ನು ನಾವೇ ಕಸಿದುಕೊಂಡಂತೆ ಆಯಿತು, ಅಲ್ವಾ?

ಮಹಿಳಾ ಅಧ್ಯಯನ ಅನ್ನುವ ವಿಷಯ ಹುಟ್ಟಿದ್ದೇ ಹೊರಗಿನ ಬದುಕಿನಿಂದ. ದೇಶದ ಹೆಣ್ಣುಮಕ್ಕಳ ಸ್ಥಿತಿ ನೋಡಲು ಸರ್ಕಾರ ಒಂದು ಸಮಿತಿ ಮಾಡಿತ್ತು. ಅದರ ವರದಿ 1974ರಲ್ಲಿ ಬಂತು. ಸಾವಿರ ಗಂಡಸರಿಗೆ 1901ರಲ್ಲಿ 972 ಹೆಂಗಸರಿದ್ದರು. 1971ರ ಜನಗಣತಿಗೆ ಅದು 930ಕ್ಕೆ ಇಳಿದಿತ್ತು. ಸ್ವಾತಂತ್ರ್ಯ ಬಂದು, ಸಮಾನತೆ ಸಂವಿಧಾನದಲ್ಲಿ ಬಂದ ಮೇಲೂ ಹೀಗೇಕೆ ಅನ್ನುವ ಪ್ರಶ್ನೆಯೇ ಮಹಿಳಾ ಅಧ್ಯಯನಕ್ಕೆ ಬುನಾದಿ. 1986ರ ಶಿಕ್ಷಣ ನೀತಿಯ ನಂತರ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ನೆರವಿನಿಂದ ವಿಶ್ವವಿದ್ಯಾಲಯಗಳಲ್ಲಿ ಇದರ ಕೇಂದ್ರಗಳು ಶುರುವಾದವು. ಪಾಠ, ಸಂಶೋಧನೆ, ಇವೆರಡರ ಜೊತೆಗೆ ಜನರ ನಡುವಿನ ಕೆಲಸವೂ ಅವುಗಳ ಹೊಣೆ ಅಂತ ಆಯಿತು. 2003ರಲ್ಲಿ ನಮ್ಮ ವಿಜಯಪುರದಲ್ಲೇ ರಾಜ್ಯದ ಮಹಿಳಾ ವಿಶ್ವವಿದ್ಯಾಲಯ ಬಂತು. ಈಗ ಅದಕ್ಕೆ ಅಕ್ಕಮಹಾದೇವಿಯ ಹೆಸರಿದೆ. ತೊರವಿಯ ಆ ಕ್ಯಾಂಪಸ್ಸಿಗೆ ಮನೆಯಲ್ಲಿ ಮೊದಲ ಸಲ ಡಿಗ್ರಿ ಓದಿದ ಎಷ್ಟೋ ಹುಡುಗಿಯರು ಬರುತ್ತಾರೆ. ಅವರ ಅವ್ವಂದಿರು ಜೋಳ ಕೀಳಲು ಹೋಗುವವರು. ಹಾಗಿರುವಾಗ ಊರು ಬೇರೆ, ವಿಭಾಗ ಬೇರೆ ಅಂತ ನಾವು ಹೇಗೆ ಅಂದುಕೊಳ್ಳುವುದು?

ಎಮ್ಮೆಯ ಮಾತಿನ ನಂತರ ನಾವೇ ಊರಿಗೆ ಹೋಗುವುದು ಅಂತ ತೀರ್ಮಾನ ಮಾಡಿದೆವು. ಹೊತ್ತು ಅವರೇ ಹೇಳಿದರು. ರೊಟ್ಟಿ ಬಡಿದು, ಎಲ್ಲರಿಗೂ ಉಣ್ಣಲು ಹಾಕಿ, ಭಾಂಡೆ ತಿಕ್ಕಿದ ಮೇಲೆ. ಅಂದರೆ ರಾತ್ರಿ ಎಂಟೂವರೆ.

ಮೊದಲ ಸಲ ಗುಡಿಯ ಪೌಳಿಯಲ್ಲಿ ಕೂತೆವು. ಚೆನ್ನಾಗಿಯೇ ಜನ ಸೇರಿದ್ದರು. ಆದರೆ ನಮ್ಮ ಒಬ್ಬ ವಿದ್ಯಾರ್ಥಿನಿ ನನ್ನ ಕಿವಿಯಲ್ಲಿ ಹೇಳಿದಳು: ‘ಮೇಡಂ, ಒಂದು ಓಣಿಯವರು ದಾರಿಯಲ್ಲೇ ನಿಂತಿದ್ದಾರೆ.’ ನೋಡಿದೆ. ಹೌದು, ಏಳೆಂಟು ಹೆಂಗಸರು ಕತ್ತಲಲ್ಲಿ ನಿಂತೇ ಕೇಳುತ್ತಿದ್ದರು. ಒಳಗೆ ಬನ್ನಿ ಅಂತ ಕರೆದರೆ ನಕ್ಕು ಸುಮ್ಮನಾದರು. ಅವರ ನಗು ಕಂಡು ನನಗೆ ಎದೆ ಹಿಂಡಿದಂತಾಯಿತು. ಯಾಕೆ ಬರುವುದಿಲ್ಲ ಅಂತ ನಾನು ಕೇಳಬೇಕಾಗಿರಲಿಲ್ಲ. ಎಲ್ಲರಿಗೂ ಗೊತ್ತಿದ್ದ ವಿಷಯವದು. ಜಾಗ ಗೊತ್ತು ಮಾಡುವಾಗ ನಾವು ಅದನ್ನು ಯೋಚಿಸಲಿಲ್ಲ, ಅಷ್ಟೇ. ಮುಂದಿನ ಸಲದಿಂದ ಶಾಲೆಯ ವರಾಂಡದಲ್ಲಿ ಕೂತೆವು. ಎಲ್ಲ ಓಣಿಯವರೂ ಬಂದರು. ಗುಡಿಗೆ ಬಂದಿದ್ದ ಕೆಲವರು ಈಗ ಬರಲಿಲ್ಲ ಅನ್ನುವುದೂ ನಿಜ.

ವಿದ್ಯಾರ್ಥಿನಿಯರು ಒಂದು ಒಳ್ಳೆಯ ಕೆಲಸ ಮಾಡಿದರು. ಭಾಷಣ ಇಟ್ಟುಕೊಳ್ಳಲಿಲ್ಲ, ಕೌದಿ ಹೊಲಿಯೋಣ ಅಂದರು. ಮನೆಯಲ್ಲಿದ್ದ ಹಳೆ ಸೀರೆ, ಹರಿದ ಧೋತರ, ಮಕ್ಕಳ ಅಂಗಿ ಎಲ್ಲ ಬಂದವು. ನಡುವೆ ಕೌದಿ ಹರವಿ ಸುತ್ತ ಕೂತರೆ ಮೇಲೆ ಕೂತವರು, ಕೆಳಗೆ ಕೂತವರು ಅಂತ ಇರುವುದಿಲ್ಲ. ಕಣ್ಣು ಸೂಜಿಯ ಮೇಲೆ ಇರುತ್ತದೆ. ಯಾರ ಮುಖವನ್ನೂ ನೋಡಬೇಕಿಲ್ಲ. ಹಾಗಾಗಿ ಮಾತು ತಾನಾಗಿ ಬರುತ್ತದೆ. ಮಕ್ಕಳನ್ನು ಇಬ್ಬರು ಹುಡುಗಿಯರು ಪಕ್ಕದ ಕೋಣೆಯಲ್ಲಿ ಆಡಿಸುತ್ತಿದ್ದರು. ಇದು ಸಣ್ಣ ಕೆಲಸ ಅನಿಸಬಹುದು. ಅದಿಲ್ಲದಿದ್ದರೆ ಹತ್ತು ಜನ ಬಾಣಂತನ ಮುಗಿಸಿದ ಸೊಸೆಯಂದಿರು ಬರುತ್ತಲೇ ಇರಲಿಲ್ಲ.

ಒಂದು ರಾತ್ರಿ ಆಸ್ತಿಯ ಮಾತು ಬಂತು. ನಮ್ಮ ಹುಡುಗಿ ಚೆನ್ನಾಗಿ ಓದಿಕೊಂಡು ಬಂದಿದ್ದಳು. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಪಾಲಿದೆ ಅಂದಳು. ಕರ್ನಾಟಕ 1994ರಲ್ಲೇ ಕಾನೂನು ತಿದ್ದಿತು, 2005ರಲ್ಲಿ ಇಡೀ ದೇಶಕ್ಕೆ ಬಂತು, ತಂದೆ 2005ಕ್ಕೆ ಮೊದಲೇ ತೀರಿಕೊಂಡಿದ್ದರೂ ಮಗಳ ಹಕ್ಕು ಹೋಗುವುದಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು ಅಂತ ವಿವರಿಸಿದಳು. ಸೂಜಿಗಳು ನಿಂತವು. ಐವತ್ತು ದಾಟಿದ ಒಬ್ಬ ಅಕ್ಕ ದಾರ ಹಲ್ಲಿನಲ್ಲಿ ಕಡಿದು ಹೇಳಿದಳು: ‘ಕಾಯ್ದೆ ಖರೇ ಐತಿ ಬಿಡವ್ವಾ. ಪಾಲ ಕೇಳಿದ್ರ ತವರಮನಿ ದಾರಿ ಬಂದ್ ಆಕ್ಕೈತಿ. ಪಂಚಮಿಗೆ ನನ್ನ ಯಾರು ಕರೀತಾರ?’ ಪಕ್ಕದ ಮುಸ್ಲಿಂ ಅಕ್ಕ ಅಂದಳು: ‘ನಮ್ಮದ್ರಾಗೂ ಹೆಣ್ಣಮಕ್ಕಳಿಗಿ ಪಾಲ ಐತಿ. ಕೊಡೋರು ಯಾರು?’

ನಮ್ಮ ಹುಡುಗಿಯ ಹತ್ತಿರ ಉತ್ತರ ಇರಲಿಲ್ಲ. ನನ್ನ ಹತ್ತಿರವೂ ಇರಲಿಲ್ಲ. ಒಂದು ಕಡೆ ಎರಡು ಎಕರೆ ಹೊಲ. ಇನ್ನೊಂದು ಕಡೆ ಪಂಚಮಿಯ ಉಂಡಿ, ಜೋಕಾಲಿ, ಕಷ್ಟ ಬಂದಾಗ ಹೋಗಿ ಕೂರಲು ಒಂದು ಬಾಗಿಲು. ಅಣ್ಣತಮ್ಮಂದಿರು ತಂದ, ಪಾಲು ಬೇಡ ಅನ್ನುವ ಕಾಗದಕ್ಕೆ ಹೆಣ್ಣುಮಕ್ಕಳು ಸಹಿ ಹಾಕುವುದು ಕಾನೂನು ಗೊತ್ತಿಲ್ಲದೆ ಅಲ್ಲ. ಎರಡನ್ನೂ ತೂಗಿ ನೋಡಿ ಹಾಕುತ್ತಾರೆ. ಆ ಹುಡುಗಿ ಮರುದಿನ ತನ್ನ ಪ್ರಬಂಧದ ವಿಷಯವನ್ನೇ ಬದಲಾಯಿಸಿದಳು. ಹೆಣ್ಣುಮಕ್ಕಳಿಗೆ ಅರಿವು ಮೂಡಿಸಲು ಹೋಗುತ್ತೇವೆ ಅಂತ ನಾವು ವರದಿಗಳಲ್ಲಿ ಬರೆಯುತ್ತೇವೆ. ಅವತ್ತು ಅರಿವು ಬಂದದ್ದು ನಮಗೆ.

ಹಾಗಂತ ಕಾನೂನಿನ ಮಾತು ಬೇಡ ಅಂತಲ್ಲ. ಬೇಕು. ಬಿಡಿಸಿ ಹೇಳಬೇಕು. ಈಗ ಕೇಳುತ್ತಿರುವ ಅಕ್ಕಂದಿರಿಗೆ ಒಂದು ವಿಷಯ ಹೇಳಿಬಿಡುತ್ತೇನೆ. 1987ರ ಕಾನೂನು ಸೇವೆಗಳ ಕಾಯ್ದೆಯ ಪ್ರಕಾರ ಯಾವ ಹೆಣ್ಣುಮಗಳಾದರೂ ಉಚಿತವಾಗಿ ವಕೀಲರ ನೆರವು ಕೇಳಬಹುದು. ಆದಾಯ ಎಷ್ಟು ಅನ್ನುವುದು ಅಡ್ಡ ಬರುವುದಿಲ್ಲ. ನಿಮ್ಮ ತಾಲ್ಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಇರುತ್ತದೆ, ಅಲ್ಲಿ ವಿಚಾರಿಸಿ. ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ.

ಆ ಕೌದಿ ಮುಗಿಯಲು ಮೂರು ತಿಂಗಳು ಹಿಡಿಯಿತು. ಮುಗಿದ ರಾತ್ರಿ, ಮುಂದಿನ ಸಲ ಯಾರನ್ನು ಕರೆಸೋಣ ಅಂತ ಕೇಳಿದೆ. ದೊಡ್ಡ ಅತಿಥಿಗಳ ಹೆಸರು ಯಾರೂ ಹೇಳಲಿಲ್ಲ. ಪಂಚಮಿಯ ಮಾತು ಆಡಿದ ಅಕ್ಕನೇ ಹೇಳಿದಳು: ‘ತಲಾಟಿ ಸಾಹೇಬರನ್ನ ಕರಕೊಂಡ ಬರ್ರಿ. ಹೊಲದ ಉತಾರದಾಗ ಯಾರ್‍ಯಾರ ಹೆಸರೈತಿ, ಎಲ್ಲಾರ ಮುಂದ ಓದಲಿ. ನಮ್ಮ ಅಣ್ಣತಮ್ಮರೂ ಕುಂತ ಕೇಳಲಿ.’ ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ‘ಕುರ್ಚಿ ತರಬ್ಯಾಡ್ರಿ. ಇದs ಕೌದಿ ಹಾಸೂಣು’ ಅಂದಳು.